ಬಂಡೆ ಸಿಕ್ಕರೆ ದುಡ್ಡು ಯಾರದು? ಕಾಮಗಾರಿ ಕೊಡುವ ವಿಧಾನಗಳ ಲೆಕ್ಕಾಚಾರ

ಬೆಂಗಳೂರಿನ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುಮಾರು 16.7 ಕಿ.ಮೀ. ಸುರಂಗ ರಸ್ತೆಗೆ 2025ರಲ್ಲಿ ಟೆಂಡರ್ ಕರೆದರು. ಆಗ ‘ಬೂಟ್ ಮಾದರಿ’ ಅನ್ನೋ ಮಾತು ಪೇಪರಿನಲ್ಲಿ, ಟಿವಿ ಚರ್ಚೆಯಲ್ಲಿ ಓಡಾಡಿತು. ಅದಕ್ಕೂ ಮೊದಲು ಮೈಸೂರು ಎಕ್ಸ್‌ಪ್ರೆಸ್‌ವೇ ಆಗುವಾಗ ‘ಹ್ಯಾಮ್’ ಕೇಳಿದ್ದೆವು. ‘ಇಪಿಸಿ’, ‘ಎಲ್‌1’, ‘4ಜಿ ವಿನಾಯಿತಿ’ ಅಂತೂ ಆಗಾಗ ಕಿವಿಗೆ ಬೀಳುತ್ತಲೇ ಇರುತ್ತವೆ. ಇವೆಲ್ಲ ಸರ್ಕಾರ ಕೆಲಸ ಕೊಡುವ ರೀತಿಗೆ ಸಂಬಂಧಿಸಿದ ಮಾತು, ಒಂದೊಂದರ ಅರ್ಥ ಮುಂದೆ ನೋಡೋಣ. ಸುದ್ದಿ ಓದುವಾಗ ನಮ್ಮ ಕಣ್ಣು ಹೋಗೋದು ಎರಡೇ ಕಡೆ: ಎಷ್ಟು ಸಾವಿರ ಕೋಟಿ, ಯಾವ ಕಂಪನಿ. ಈ ಎರಡೂ ಗೊತ್ತಾಗುವ ಮೊದಲೇ ಕೆಲಸವನ್ನು ಯಾವ ರೀತಿ ಕೊಡಬೇಕು ಅನ್ನೋ ತೀರ್ಮಾನ ಆಗಿ ಹೋಗಿರುತ್ತದೆ. ಮುಂದೆ ಖರ್ಚು ಏರುವುದಕ್ಕೆ, ಕೆಲಸ ಅರ್ಧಕ್ಕೆ ನಿಲ್ಲುವುದಕ್ಕೆ, ನಾವು ಟೋಲ್ ಕಟ್ಟುವುದಕ್ಕೆ ಬೇರು ಬಹಳ ಸಲ ಅಲ್ಲೇ ಇರುತ್ತದೆ.

ಇದು ಸರ್ಕಾರದ ತಲೆನೋವು, ನಮಗೇನು ಅನ್ನೋ ಹಾಗೂ ಇಲ್ಲ. ಬನ್ನೇರುಘಟ್ಟ ರಸ್ತೆ, ಜೆ.ಪಿ. ನಗರ, ಮಾರತ್‌ಹಳ್ಳಿ ಕಡೆ 2000ದ ಆಸುಪಾಸಿನಲ್ಲಿ ಎದ್ದ ಅಪಾರ್ಟ್‌ಮೆಂಟ್‌ಗಳಿಗೆ ಈಗ ಇಪ್ಪತ್ತು, ಇಪ್ಪತ್ತೈದು ವರ್ಷ. ಪೇಂಟ್ ಉದುರಿದೆ, ಟೆರೇಸ್ ಸೋರುತ್ತಿದೆ, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ ಹಳೆಯದಾಗಿದೆ. ಲಕ್ಷಗಟ್ಟಲೆ, ಕೆಲವು ಕಡೆ ಕೋಟಿ ದಾಟುವ ಕೆಲಸ. ಅದನ್ನು ಯಾರಿಗೆ, ಹೇಗೆ ಕೊಡಬೇಕು ಅಂತ ತೀರ್ಮಾನಿಸುವವರು ಸಂಘದ ಕಮಿಟಿಯವರು. ಅಂದರೆ ಬ್ಯಾಂಕಿನಲ್ಲೋ ಐಟಿಯಲ್ಲೋ ಕೆಲಸ ಮಾಡಿಕೊಂಡು, ಸಂಜೆ ಒಂದು ಗಂಟೆ ಮೀಟಿಂಗಿಗೆ ಕೂರುವವರು. ಮೂರು ಕೊಟೇಷನ್ ತರಿಸುತ್ತಾರೆ, ಕಡಿಮೆ ಇದ್ದವರಿಗೆ ಕೊಡುತ್ತಾರೆ. ಆ ಮೂರೂ ಒಂದೇ ಕೆಲಸಕ್ಕೆ ಬಂದ ಕೊಟೇಷನ್ನೇ ಅಂತ ನೋಡೋದು ಅಪರೂಪ.

ಕೇಳಬೇಕಾದ ನಾಲ್ಕು ಪ್ರಶ್ನೆ

ಎಷ್ಟೇ ದೊಡ್ಡ ಹೆಸರಿನ ಮಾದರಿ ಆಗಲಿ, ಒಳಗೆ ನಾಲ್ಕೇ ಪ್ರಶ್ನೆ ಇರುತ್ತವೆ. ಡ್ರಾಯಿಂಗ್ ಯಾರು ಮಾಡುತ್ತಾರೆ? ರೇಟು ಹೇಗೆ, ಆದಷ್ಟು ಕೆಲಸ ಅಳೆದು ಕೊಡೋದೋ, ಒಟ್ಟಿಗೆ ಇಷ್ಟು ಅಂತ ಮಾತಾಡಿಕೊಳ್ಳೋದೋ? ದುಡ್ಡು ಯಾರು, ಯಾವಾಗ ಹಾಕುತ್ತಾರೆ? ಕಟ್ಟಿ ಮುಗಿದ ಮೇಲೆ ನೋಡಿಕೊಳ್ಳೋದು ಯಾರು?

ಈ ನಾಲ್ಕಕ್ಕೂ ಅಡಿಯಲ್ಲಿ ಒಂದು ವಿಷಯ ಇದೆ. ಎಣಿಸಿದ ಹಾಗೆ ಆಗದಿದ್ದರೆ ಹೊರೆ ಯಾರ ತಲೆಗೆ? ಕಬ್ಬಿಣದ ರೇಟು ಏರಬಹುದು, ಮಳೆ ಬಂದು ಒಂದು ತಿಂಗಳು ನಿಲ್ಲಬಹುದು, ಅಗೆದ ಕಡೆ ಬಂಡೆ ಸಿಗಬಹುದು. ಈ ಹೊರೆಯನ್ನು ಗುತ್ತಿಗೆದಾರರ ಮೇಲೆ ಹಾಕಿಬಿಟ್ಟರೆ ನಮಗೆ ನಿಶ್ಚಿಂತೆ ಅಂತ ಅನಿಸುತ್ತದೆ. ಆದರೆ ಯಾರೂ ಅದನ್ನು ಪುಕ್ಕಟೆ ಹೊರೋದಿಲ್ಲ. ಮೊದಲೇ ರೇಟಿನಲ್ಲಿ ಸೇರಿಸುತ್ತಾರೆ. ಸೇರಿಸದೆ ಕಡಿಮೆಗೆ ಹಿಡಿದವರು ಆಮೇಲೆ ಮಾಲಿನಲ್ಲಿ ಉಳಿಸುತ್ತಾರೆ, ಇಲ್ಲವೇ ಕೆಲಸ ಬಿಟ್ಟು ಹೋಗುತ್ತಾರೆ. ಹಾಗಾಗಿ ಯಾವ ಹೊರೆಯನ್ನು ಯಾರು ನಿಭಾಯಿಸಬಲ್ಲರೋ ಅವರಿಗೆ ಅದನ್ನು ಹಂಚೋದೇ ಈ ಆಯ್ಕೆಯ ಕೆಲಸ.

30×40 ಸೈಟಿನಲ್ಲೇ ಎಲ್ಲ ಮಾದರಿಯೂ ಇವೆ

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆ ಇದೆಲ್ಲ ಹೊಸದಲ್ಲ, ಹೆಸರು ಮಾತ್ರ ಬೇರೆ.

ಮೊದಲನೆಯದು ಲೇಬರ್ ಕಾಂಟ್ರಾಕ್ಟ್. ಸಿಮೆಂಟ್, ಕಬ್ಬಿಣ, ಜಲ್ಲಿ, ಎಂ-ಸ್ಯಾಂಡ್ ಎಲ್ಲ ನೀವೇ ತರಿಸುತ್ತೀರಿ. ಮೇಸ್ತ್ರಿ ಆಳು ತಂದು ಕೆಲಸ ಮಾಡಿಸುತ್ತಾರೆ, ಚದರಕ್ಕೆ ಇಷ್ಟು ಅಂತ ಮಾತು. ಮಾಲಿನ ಗುಣಮಟ್ಟ ನಿಮ್ಮ ಕೈಯಲ್ಲಿರುತ್ತದೆ. ಜೊತೆಗೆ ಮಾಲಿನ ರೇಟು ಏರಿದರೆ, ಸಿಮೆಂಟ್ ವೇಸ್ಟ್ ಆದರೆ ಅದೂ ನಿಮ್ಮದೇ. ಒಂಟಿ ಮನೆಗೆ ಬರೀ ಲೇಬರ್ ಕಾಂಟ್ರಾಕ್ಟ್ ಆದರೆ ಜಿಎಸ್‌ಟಿ ವಿನಾಯಿತಿ ಇದೆ. ಮಾಲೂ ಸೇರಿದ ಕಾಂಟ್ರಾಕ್ಟ್‌ಗೆ ಶೇ 18 ಬೀಳುತ್ತದೆ. ಹೋಲಿಕೆ ಮಾಡುವಾಗ ಇದನ್ನು ಮರೆತವರು ಬಹಳ.

ಎರಡನೆಯದು ವಿತ್ ಮೆಟೀರಿಯಲ್ ಕಾಂಟ್ರಾಕ್ಟ್. ಆರ್ಕಿಟೆಕ್ಟ್ ಹತ್ತಿರ ಪ್ಲಾನ್, ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿಸಿಕೊಂಡು, ಅದನ್ನು ತೋರಿಸಿ ರೇಟು ಕೇಳೋದು. ಮೂರನೆಯದು ಟರ್ನ್‌ಕೀ. ಪ್ಲಾನೂ ಅವರದ್ದೇ, ಕಟ್ಟೋದೂ ಅವರೇ, ಕೀ ಕೈಗೆ ಕೊಡ್ತೀವಿ ಸಾರ್ ಅನ್ನುತ್ತಾರೆ. ಇನ್ನು ಕೆಲವು ಇಂಜಿನಿಯರ್‌ಗಳು ಆದ ಖರ್ಚಿನ ಮೇಲೆ ಇಷ್ಟು ಪರ್ಸೆಂಟ್ ಅಂತ ಸೂಪರ್‌ವಿಷನ್‌ಗೆ ಒಪ್ಪಿಕೊಳ್ಳುತ್ತಾರೆ. ಇಲ್ಲಿ ಬಿಲ್ ಎಲ್ಲ ಕಣ್ಣಿಗೆ ಕಾಣುತ್ತದೆ. ಆದರೆ ಖರ್ಚು ಏರಿದಷ್ಟೂ ಅವರ ಪಾಲೂ ಏರುತ್ತದೆ, ಅಲ್ವಾ? ನಂಬಿಕೆ ಗಟ್ಟಿ ಇದ್ದ ಕಡೆ ಮಾತ್ರ ಇದು ನಡೆಯುತ್ತದೆ.

ಐದನೆಯದು ಜಾಯಿಂಟ್ ಡೆವಲಪ್‌ಮೆಂಟ್. ಜಾಗ ನಿಮ್ಮದು, ದುಡ್ಡು ಬಿಲ್ಡರ್‌ದು, ಕಟ್ಟಿದ ಮೇಲೆ ಫ್ಲಾಟ್ ಹಂಚಿಕೆ. ಕೈಯಿಂದ ರೂಪಾಯಿ ಹೋಗಲಿಲ್ಲ ಅಂತ ಅನಿಸಿದರೂ ಹೋಗಿರುತ್ತದೆ, ಫ್ಲಾಟಿನ ರೂಪದಲ್ಲಿ.

ಈ ಐದನ್ನು ತಲೆಯಲ್ಲಿ ಇಟ್ಟುಕೊಂಡರೆ ಸರ್ಕಾರಿ ಟೆಂಡರ್ ಸುಲಭವಾಗಿ ಅರ್ಥವಾಗುತ್ತದೆ.

ಡ್ರಾಯಿಂಗ್ ಮೊದಲು, ಟೆಂಡರ್ ಆಮೇಲೆ

ನಮ್ಮ ಲೋಕೋಪಯೋಗಿ ಇಲಾಖೆ, ಪಾಲಿಕೆಗಳ ಹೆಚ್ಚಿನ ಕೆಲಸ ಹಳೇ ಪದ್ಧತಿಯಲ್ಲೇ ನಡೆಯುತ್ತದೆ. ಇಲಾಖೆಯೇ ಡ್ರಾಯಿಂಗ್ ಮಾಡಿಸುತ್ತದೆ. ಎಸ್‌ಆರ್ ಅಂತ ಕರೆಯುವ ದರಪಟ್ಟಿ ನೋಡಿ ಅಂದಾಜು ತಯಾರಿಸುತ್ತದೆ. ಯಾವ ಕೆಲಸ ಎಷ್ಟು ಅಳತೆ ಅನ್ನೋ ಪಟ್ಟಿಗೆ ಬಿಒಕ್ಯು ಅನ್ನುತ್ತಾರೆ. ಟೆಂಡರ್ ಹಾಕುವವರು ಪ್ರತಿ ಐಟಂಗೆ ರೇಟು ಬರೆಯುತ್ತಾರೆ, ಇಲ್ಲವೇ ಒಟ್ಟು ಅಂದಾಜಿಗಿಂತ ಶೇ ಇಷ್ಟು ಕಡಿಮೆ, ಇಷ್ಟು ಜಾಸ್ತಿ ಅಂತ ಹೇಳುತ್ತಾರೆ. ಕೆಲಸ ಆದ ಹಾಗೆ ಇಂಜಿನಿಯರ್ ಅಳೆದು ಅಳತೆ ಪುಸ್ತಕದಲ್ಲಿ ಬರೆಯುತ್ತಾರೆ. ಅದರ ಮೇಲೆ ಬಿಲ್.

ಇಲ್ಲಿ ರೇಟು ಗುತ್ತಿಗೆದಾರರ ಹೊರೆ, ಅಳತೆ ಸರ್ಕಾರದ ಹೊರೆ. ಕೇಳೋಕೆ ನ್ಯಾಯವಾಗೇ ಇದೆ. ತೊಡಕು ಎಲ್ಲಿ ಅಂತ ಒಂದು ಪಾಯದ ಲೆಕ್ಕದಲ್ಲಿ ನೋಡೋಣ. ಅಂಕಿಗಳು ಸುಮ್ನೆ ಅರ್ಥವಾಗಲಿ ಅಂತ ಹಾಕಿದ್ದು.

ಪಟ್ಟಿಯಲ್ಲಿ ಮಣ್ಣು ಅಗೆಯೋದು 500 ಘನ ಮೀಟರ್, ಬಂಡೆ ಒಡೆಯೋದು 20 ಘನ ಮೀಟರ್ ಅಂತ ಇದೆ. ಮೊದಲನೆಯವರು ಮಣ್ಣಿಗೆ 300 ರೂಪಾಯಿ, ಬಂಡೆಗೆ 3,000 ರೂಪಾಯಿ ಬರೆದರು. ಒಟ್ಟು 2,10,000. ಎರಡನೆಯವರು ಮಣ್ಣಿಗೆ 340, ಬಂಡೆಗೆ 2,200 ಬರೆದರು. ಒಟ್ಟು 2,14,000. ನಾಲ್ಕು ಸಾವಿರ ಕಡಿಮೆ ಇದ್ದದ್ದಕ್ಕೆ ಕೆಲಸ ಮೊದಲನೆಯವರಿಗೆ ಹೋಯಿತು.

ಅಗೆದಾಗ ಮಣ್ಣು 350 ಘನ ಮೀಟರ್, ಬಂಡೆ 170 ಘನ ಮೀಟರ್ ಬಂತು. ಬೆಂಗಳೂರಿನ ನೆಲದಲ್ಲಿ ಇದು ಅಪರೂಪ ಏನಲ್ಲ. ಮೇಲೆ ಕೆಂಪು ಮಣ್ಣು, ಕೆಳಗೆ ಗಟ್ಟಿ ಕಲ್ಲು, ನಡುವೆ ಎಲ್ಲೆಂದರಲ್ಲಿ ಗುಂಡುಕಲ್ಲು. ಈಗ ಮೊದಲನೆಯವರ ಬಿಲ್ 6,15,000. ಎರಡನೆಯವರಿಗೆ ಕೊಟ್ಟಿದ್ದರೆ 4,93,000 ಆಗುತ್ತಿತ್ತು. ಟೆಂಡರ್ ದಿನ ಉಳಿಸಿದ್ದು ನಾಲ್ಕು ಸಾವಿರ, ಕೊನೆಗೆ ಜಾಸ್ತಿ ಹೋದದ್ದು 1,22,000.

ಮೊದಲನೆಯವರು ಮೋಸ ಮಾಡಿದರು ಅಂತ ಹೇಳೋಕಾಗಲ್ಲ. ಪಕ್ಕದ ಸೈಟಿನಲ್ಲಿ ಬಂಡೆ ಬಂದದ್ದು ಅವರಿಗೆ ಗೊತ್ತಿತ್ತು, ಪಟ್ಟಿ ಮಾಡಿದವರಿಗೆ ಗೊತ್ತಿರಲಿಲ್ಲ, ಅಷ್ಟೇ. ಇಂಥ ಏರುಪೇರಿನ ರೇಟು ಕಂಡರೆ ವಿವರಣೆ ಕೇಳುವ, ಹೆಚ್ಚುವರಿ ಭದ್ರತಾ ಠೇವಣಿ ಕೇಳುವ ಷರತ್ತು ಸರ್ಕಾರಿ ಟೆಂಡರ್ ದಾಖಲೆಗಳಲ್ಲಿ ಇರುತ್ತದೆ. ಆದರೂ ನನ್ನ ಲೆಕ್ಕದಲ್ಲಿ ಇದಕ್ಕೆ ಅಗ್ಗದ ಮದ್ದು ಟೆಂಡರ್‌ಗೆ ಮೊದಲು ಇನ್ನೂ ನಾಲ್ಕು ಕಡೆ ಬೋರ್ ಹಾಕಿ ನೆಲ ಪರೀಕ್ಷೆ ಮಾಡಿಸೋದು. ಮನೆ ಕಟ್ಟುವವರೂ ಉಳಿಸೋಕೆ ಹೋಗೋದು ಇದೇ ಖರ್ಚನ್ನು.

ಈ ಪದ್ಧತಿಗೆ ಡ್ರಾಯಿಂಗ್ ಪೂರ್ತಿ ಇರಬೇಕು. ವಿಟ್ಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆಗಳಲ್ಲಿ ಬಂದ ಟೆಂಡರ್‌ಶ್ಯೂರ್ ಕೆಲಸದ ಹಿಂದಿನ ಯೋಚನೆ ಇದೇ ಆಗಿತ್ತು. ನೀರು, ಒಳಚರಂಡಿ, ಕರೆಂಟ್, ಕೇಬಲ್ ಎಲ್ಲಕ್ಕೂ ಜಾಗ ಮೊದಲೇ ಗುರುತು ಮಾಡಿ, ಫುಟ್‌ಪಾತ್ ಅಗಲ ಎಷ್ಟು, ಲೇನ್ ಅಗಲ ಎಷ್ಟು ಅಂತ ಬರೆದು, ಆಮೇಲೆ ಟೆಂಡರ್ ಕರೆಯೋದು. ಮುಗಿದ ರಸ್ತೆಯನ್ನು ಪ್ರತಿ ಇಲಾಖೆಯೂ ಮತ್ತೆ ಅಗೆಯಬಾರದು ಅನ್ನೋದು ಉದ್ದೇಶ. ಡ್ರಾಯಿಂಗ್‌ಗೆ ಸಮಯ ಹಿಡಿಯುತ್ತದೆ ಅನ್ನೋದು ಈ ದಾರಿಯ ದೊಡ್ಡ ದೂರು.

ಡ್ರಾಯಿಂಗೂ ಅವರದ್ದೇ: ಇಪಿಸಿ

ಇದು ಟರ್ನ್‌ಕೀ ಮನೆಯ ದೊಡ್ಡಣ್ಣ. ಇಂಥ ಸಾಮರ್ಥ್ಯದ ಸೇತುವೆ ಬೇಕು, ಇಷ್ಟು ಎಂಎಲ್‌ಡಿ (ದಿನಕ್ಕೆ ಇಷ್ಟು ದಶಲಕ್ಷ ಲೀಟರ್) ನೀರು ಶುದ್ಧ ಮಾಡುವ ಘಟಕ ಬೇಕು ಅಂತ ಸರ್ಕಾರ ಹೇಳುತ್ತದೆ. ಡಿಸೈನ್, ಮಾಲು ಖರೀದಿ, ಕಟ್ಟೋದು ಎಲ್ಲ ಒಂದೇ ಕಂಪನಿ. ಮೊತ್ತ ಮೊದಲೇ ನಿಗದಿ. ಡಿಸೈನ್ ಮಾಡಿದವರೂ ಕಟ್ಟಿದವರೂ ಬೇರೆ ಬೇರೆ ಇದ್ದಾಗ ಒಬ್ಬರ ಮೇಲೊಬ್ಬರು ಹಾಕಿಕೊಳ್ಳುತ್ತಾರಲ್ಲ, ಆ ಜಗಳ ಇಲ್ಲಿ ಕಡಿಮೆ. ಸಮಯವೂ ಉಳಿಯುತ್ತದೆ. ಪಾಯದ ಡ್ರಾಯಿಂಗ್ ಆದ ಕೂಡಲೇ ಪಾಯ ಶುರು, ಮೇಲಿನದ್ದು ಆಮೇಲೆ.

ಕೊಡುವವರು ಒಂದು ವಿಷಯದಲ್ಲಿ ಹುಷಾರಾಗಿರಬೇಕು. ಮೊತ್ತ ನಿಗದಿ ಆದ ಮೇಲೆ ಡಿಸೈನ್‌ನಲ್ಲಿ ಉಳಿಸಿದ ಪ್ರತಿ ರೂಪಾಯಿಯೂ ಕಂಪನಿಗೆ ಲಾಭ. ಬೇಕಾದದ್ದನ್ನು ಬರೆಯುವಾಗ ಮರೆತರೆ ಅದು ಸಿಗೋದಿಲ್ಲ. ನಡುವೆ ಮನಸ್ಸು ಬದಲಾಯಿಸಿದರೆ ದುಬಾರಿ. ‘ಒಳ್ಳೆಯ ಕ್ವಾಲಿಟಿ ಟೈಲ್ಸ್’ ಅಂತ ಬರೆದುಕೊಂಡು ಟರ್ನ್‌ಕೀ ಮನೆಗೆ ಸಹಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೆ ಬಂಡೆಯ ವಿಷಯಕ್ಕೆ ಬಂದರೆ, ನೆಲದಡಿಯ ಕೆಲಸವನ್ನು ಪೂರ್ತಿ ನಿಗದಿ ಮೊತ್ತಕ್ಕೆ ಕೊಡೋದು ಕಷ್ಟ. ಸುರಂಗ ಯಂತ್ರದ ಮುಂದೆ ಏನು ಬರುತ್ತದೆ ಅಂತ ಕಂಪನಿಗೂ ಗೊತ್ತಿಲ್ಲ, ಸರ್ಕಾರಕ್ಕೂ ಗೊತ್ತಿಲ್ಲ. ಕಾಳೇನ ಅಗ್ರಹಾರ–ನಾಗವಾರ ಮೆಟ್ರೋ ಮಾರ್ಗದಲ್ಲಿ ಸುಮಾರು 13.8 ಕಿ.ಮೀ. ಸುರಂಗ. ಅದಕ್ಕೆ ಮೊದಲ ಸಲ ಟೆಂಡರ್ ಕರೆದಾಗ ಅಂದಾಜಿಗಿಂತ ಬಹಳ ಜಾಸ್ತಿ ದರ ಬಂದು, ಅದನ್ನು ಕೈಬಿಟ್ಟು ಮತ್ತೆ ಕರೆಯಬೇಕಾಯಿತು. ಇಂಥ ಕಡೆ ಒಂದು ಮಧ್ಯದ ದಾರಿ ಇದೆ. ನೆಲ ಇಂಥದ್ದು ಅಂತ ಇಬ್ಬರೂ ಒಪ್ಪಿದ ವರದಿಯನ್ನು ಕರಾರಿಗೆ ಸೇರಿಸುತ್ತಾರೆ. ಅದರೊಳಗೆ ಬಂದದ್ದು ಗುತ್ತಿಗೆದಾರರ ಹೊಣೆ, ಅದನ್ನು ಮೀರಿ ಬಂದದ್ದು ಮಾಲೀಕರ ಹೊಣೆ.

ದುಡ್ಡೂ ಅವರೇ ಹಾಕಿದರೆ

ಬಿಒಟಿ ಅಂದರೆ ಕಂಪನಿಯೇ ಸಾಲ ಮಾಡಿ ಕಟ್ಟಿ, ವರ್ಷಗಟ್ಟಲೆ ನಡೆಸಿ, ಬಳಸುವವರಿಂದ ದುಡ್ಡು ವಸೂಲಿ ಮಾಡಿ, ಕೊನೆಗೆ ಸರ್ಕಾರಕ್ಕೆ ಬಿಟ್ಟುಕೊಡೋದು. 2010ರ ಜನವರಿಯಲ್ಲಿ ತೆರೆದ ಎಲೆಕ್ಟ್ರಾನಿಕ್ ಸಿಟಿ ಎಲಿವೇಟೆಡ್ ರಸ್ತೆ ಈ ಜಾತಿಯದ್ದು. ಗಾಡಿ ಕಡಿಮೆ ಓಡಿದರೆ ನಷ್ಟ ಕಂಪನಿಯದ್ದು. ಬೂಟ್ ಕೂಡ ಹೆಚ್ಚುಕಮ್ಮಿ ಇದೇ, ಅವಧಿ ಮುಗಿಯುವವರೆಗೆ ಒಡೆತನವೂ ಕಂಪನಿಗೆ ಇರುತ್ತದೆ ಅನ್ನೋದು ವ್ಯತ್ಯಾಸ.

ಟೋಲ್ ಎಷ್ಟು ಬರುತ್ತದೋ ಅಂತ ಹೆದರಿ ಕಂಪನಿಗಳು ಮುಂದೆ ಬಾರದಿದ್ದಾಗ 2016ರಲ್ಲಿ ಕೇಂದ್ರ ಸರ್ಕಾರ ಹ್ಯಾಮ್ ತಂದಿತು. ಒಪ್ಪಿದ ವೆಚ್ಚದ ಶೇ 40 ಭಾಗವನ್ನು ಕಟ್ಟುವಾಗಲೇ ಕಂತಿನಲ್ಲಿ ಸರ್ಕಾರ ಕೊಡುತ್ತದೆ. ಉಳಿದ ಶೇ 60 ಭಾಗಕ್ಕೆ ಕಂಪನಿ ದುಡ್ಡು ಹೊಂದಿಸುತ್ತದೆ, ಅದು ಮುಂದಿನ 15 ವರ್ಷ ಆರು ತಿಂಗಳಿಗೊಮ್ಮೆ ಬಡ್ಡಿ ಸಮೇತ ವಾಪಸ್ ಬರುತ್ತದೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಈ ಮಾದರಿ. ಅಲ್ಲಿ ನಾವು ಕಟ್ಟುವ ಟೋಲ್ ಹೆದ್ದಾರಿ ಪ್ರಾಧಿಕಾರಕ್ಕೆ ಹೋಗುತ್ತದೆ. ಗಾಡಿ ಕಡಿಮೆ ಓಡಿದರೂ ಕಟ್ಟಿದ ಕಂಪನಿಯ ಕಂತು ನಿಲ್ಲೋದಿಲ್ಲ.

‘ಸರ್ಕಾರಕ್ಕೆ ಖರ್ಚೇ ಇಲ್ಲ’ ಅನ್ನೋ ಮಾತು ಖಾಸಗಿ ಸಹಭಾಗಿತ್ವದ ಬಗ್ಗೆ ಆಗಾಗ ಬರುತ್ತದೆ. ಖರ್ಚು ಬೇರೆ ಬಾಗಿಲಿನಿಂದ ಬರುತ್ತದೆ: ಟೋಲ್, ಬಳಕೆ ಶುಲ್ಕ, ಕಂತು, ಇಲ್ಲವೇ ಕರಾರಿನ ಷರತ್ತು. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣ 2008ರ ಮೇ 24ರಂದು ಶುರುವಾಯಿತು. ಅದರ ಕರಾರಿನಲ್ಲಿ, ಶುರುವಾದ 25 ವರ್ಷ 150 ಕಿ.ಮೀ. ದೂರದೊಳಗೆ ಇನ್ನೊಂದು ಹೊಸ ನಿಲ್ದಾಣ ಬರುವಂತಿಲ್ಲ ಅನ್ನೋ ಷರತ್ತಿದೆ, ಮೈಸೂರು ಮತ್ತು ಹಾಸನ ಬಿಟ್ಟು. ಎರಡನೇ ವಿಮಾನ ನಿಲ್ದಾಣದ ಚರ್ಚೆಯಲ್ಲಿ 2033 ಅನ್ನೋ ವರ್ಷ ಮತ್ತೆ ಮತ್ತೆ ಕೇಳಿಬರೋದು ಇದಕ್ಕೇ. ಹಾಗಂತ ಷರತ್ತೇ ತಪ್ಪು ಅಂತಲ್ಲ. ಬೇರೆ ನಿಲ್ದಾಣ ಪಕ್ಕದಲ್ಲೇ ಬರಬಹುದು ಅಂದಿದ್ದರೆ ದುಡ್ಡು ಹಾಕುವವರು ಹಿಂದೆ ಸರಿಯುತ್ತಿದ್ದರೋ ಏನೋ. ಬೂಟ್ ಸುದ್ದಿ ಓದುವಾಗ ಎಷ್ಟು ಕೋಟಿ ಅನ್ನೋದರ ಜೊತೆಗೆ ಎಷ್ಟು ವರ್ಷ, ಏನೇನು ಷರತ್ತು ಅಂತಲೂ ನೋಡಬೇಕು.

ಸರ್ಕಾರಕ್ಕೆ ಇರುವ ಕಟ್ಟು

ಮನೆ ಕಟ್ಟುವವರು ಇಷ್ಟ ಬಂದವರಿಗೆ ಕೆಲಸ ಕೊಡಬಹುದು. ಸರ್ಕಾರ ಹಾಗೆ ಮಾಡೋ ಹಾಗಿಲ್ಲ. ಕರ್ನಾಟಕದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ ಇದೆ. ಕೆಟಿಪಿಪಿ ಅಂತ ಕರೆಯೋದು ಇದನ್ನೇ. ದೊಡ್ಡ ಕೆಲಸಗಳಿಗೆ ಎರಡು ಲಕೋಟೆ ಪದ್ಧತಿ. ಮೊದಲನೆಯದರಲ್ಲಿ ಅರ್ಹತೆ: ಹಿಂದೆ ಇಂಥ ಕೆಲಸ ಮಾಡಿದ್ದಾರಾ, ಯಂತ್ರ, ವಹಿವಾಟು ಇದೆಯಾ. ಅದರಲ್ಲಿ ಪಾಸಾದವರ ದರದ ಲಕೋಟೆ ಮಾತ್ರ ತೆರೆಯುತ್ತಾರೆ. ಅವರಲ್ಲಿ ಕಡಿಮೆ ದರದವರು ಎಲ್‌1. ಈಗ ಲಕೋಟೆ ಎಲ್ಲ ಕಂಪ್ಯೂಟರಿನಲ್ಲೇ, ಕೆಪಿಪಿಪಿ ಪೋರ್ಟಲ್ ಮೂಲಕ.

‘4ಜಿ’ ಅಂದರೆ ಈ ಕಾಯ್ದೆಯ 4ನೇ ಸೆಕ್ಷನ್ನಿನ ಜಿ ಉಪವಿಭಾಗ. ಮೊಬೈಲಿಗೂ ಅದಕ್ಕೂ ಸಂಬಂಧ ಇಲ್ಲ. ನಿರ್ದಿಷ್ಟ ಕೆಲಸವನ್ನು ಟೆಂಡರ್ ಇಲ್ಲದೆ ಕೊಡೋಕೆ ಸರ್ಕಾರ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡುವ ದಾರಿ ಅದು. ಪ್ರಕೃತಿ ವಿಕೋಪ, ತುರ್ತು ಸ್ಥಿತಿಗೆ ಅದೇ ಸೆಕ್ಷನ್ನಿನಲ್ಲಿ ಬೇರೆ ಅವಕಾಶ ಇದೆ. ಹಾಗಾಗಿ ತುರ್ತು ಇಲ್ಲದ ಕೆಲಸಕ್ಕೆ 4ಜಿ ಬಳಸಿದಾಗ ಪ್ರಶ್ನೆ ಏಳೋದು ಸಹಜ.

ಬರೀ ಕಡಿಮೆ ದರ ನೋಡಿದರೆ ಗುಣಮಟ್ಟ ಹಾಳು ಅನ್ನೋ ದೂರು ಹಳೆಯದು. ಕೇಂದ್ರ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಕೆಲವು ಕಾಮಗಾರಿಗಳಿಗೆ ಗುಣಮಟ್ಟಕ್ಕೂ ಅಂಕ ಕೊಡಬಹುದು ಅಂತ ಹೇಳಿತು. ಆದರೆ ಆ ಅಂಕದ ತೂಕ ಶೇ 30 ಮೀರಬಾರದು.

ಅಪಾರ್ಟ್‌ಮೆಂಟ್ ಕಮಿಟಿ ಆರಿಸೋದು ಹೇಗೆ?

ಮೂರು ಕೆಲಸ ತೆಗೆದುಕೊಳ್ಳೋಣ. ಮೂರಕ್ಕೂ ಒಂದೇ ಥರ ಕೊಟೇಷನ್ ಕೇಳಿದರೆ ಕೆಡುತ್ತದೆ.

ಹೊರಗೋಡೆ ಪೇಂಟ್: ಏನು ಮಾಡಬೇಕು ಅಂತ ಪೂರ್ತಿ ಗೊತ್ತು, ಗೋಡೆ ಅಳೆಯಬಹುದು. ಚದರ ಅಡಿಗೆ ರೇಟು ಸಾಕು. ಅಳತೆಯನ್ನು ಕಮಿಟಿಯೇ ಮಾಡಿಸಿ ಎಲ್ಲರಿಗೂ ಅದನ್ನೇ ಕೊಡಬೇಕು. ಒಬ್ಬರು ಕಿಟಕಿ ಜಾಗ ಕಳೆದು, ಇನ್ನೊಬ್ಬರು ಕಳೆಯದೆ ರೇಟು ಕೊಟ್ಟರೆ ಹೋಲಿಸೋಕೆ ಆಗಲ್ಲ. ಯಾವ ಪೇಂಟ್, ಎಷ್ಟು ಕೋಟ್, ಬಿರುಕಿಗೆ ಪುಟ್ಟಿ ಯಾರ ಖರ್ಚು ಅಂತ ಬರೆದರೆ ಮುಗಿಯಿತು.

ಎಸ್‌ಟಿಪಿ: ಇಲ್ಲಿ ಕಮಿಟಿಗೆ ಗೊತ್ತಿರೋದು ಫಲಿತಾಂಶ ಮಾತ್ರ. ದಿನಕ್ಕೆ ಇಷ್ಟು ಸಾವಿರ ಲೀಟರ್, ಹೊರಬರುವ ನೀರು ಮಾಲಿನ್ಯ ನಿಯಂತ್ರಣ ಮಂಡಳಿಯ ಮಿತಿಯೊಳಗೆ ಇರಬೇಕು. ಡಿಸೈನ್ ಅವರಿಗೇ ಬಿಡಿ. ಕಟ್ಟಿದವರೇ ಒಂದೆರಡು ವರ್ಷ ನಡೆಸಬೇಕು ಅಂತ ಸೇರಿಸಿ, ಕೊನೆಯ ಕಂತನ್ನು ಲ್ಯಾಬ್ ವರದಿಗೆ ಕಟ್ಟಿಹಾಕಿ. ದರ ಹೋಲಿಸುವಾಗ ಕಟ್ಟುವ ಖರ್ಚಿಗೆ ಕರೆಂಟ್ ಬಿಲ್ ಕೂಡಿಸಿ ನೋಡಿ. ಅಗ್ಗದ ಮೋಟಾರ್ ತಿಂಗಳು ತಿಂಗಳೂ ವಸೂಲಿ ಮಾಡುತ್ತದೆ.

ಸೋರಿಕೆ, ತುಕ್ಕು ಹಿಡಿದ ಪಿಲ್ಲರ್ ರಿಪೇರಿ: ಇದು ಮೂರರಲ್ಲಿ ಕಷ್ಟದ್ದು. ಪ್ಲಾಸ್ಟರ್ ಕೆತ್ತಿ ನೋಡುವವರೆಗೆ ಒಳಗೆ ಎಷ್ಟು ಕಬ್ಬಿಣ ತಿಂದಿದೆ ಅಂತ ಯಾರಿಗೂ ಗೊತ್ತಾಗಲ್ಲ. ಇದನ್ನು ಒಟ್ಟು ಮೊತ್ತಕ್ಕೆ ಕೊಟ್ಟರೆ ಎರಡರಲ್ಲಿ ಒಂದು ಆಗುತ್ತದೆ. ಹೆದರಿ ದುಪ್ಪಟ್ಟು ಹೇಳುತ್ತಾರೆ, ಇಲ್ಲವೇ ಕಡಿಮೆ ಹೇಳಿ, ಕೆತ್ತಬೇಕಾದ ಕಡೆ ಕೆತ್ತದೆ ಮೇಲೆ ಬಳಿದು ಹೋಗುತ್ತಾರೆ. ಮೊದಲು ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರಿಗೆ ಬೇರೆಯಾಗಿ ಫೀಸು ಕೊಟ್ಟು ಪರೀಕ್ಷೆ ಮಾಡಿಸಿ. ಆಮೇಲೆ ಐಟಂ ರೇಟ್, ಕೆತ್ತಿದ ಮೇಲೆ ಜಂಟಿ ಅಳತೆ, ಇಂಜಿನಿಯರ್ ಸಹಿ ಇದ್ದರೆ ಮಾತ್ರ ಬಿಲ್. ಬಜೆಟ್ಟಿನಲ್ಲಿ ಕೈಮೀರಿದ್ದಕ್ಕೆ ಅಂತ ಒಂದಿಷ್ಟು ಎತ್ತಿಟ್ಟು, ಅದನ್ನು ಜನರಲ್ ಬಾಡಿಗೆ ಮೊದಲೇ ಹೇಳಿದ್ದರೆ ಆಮೇಲಿನ ಜಗಳ ಅರ್ಧ ಕಮ್ಮಿ.

ಅರ್ಧಕ್ಕೆ ನಿಂತರೆ

ಈಜಿಪುರ ಫ್ಲೈಓವರ್ ಕೆಲಸ 2017ರಲ್ಲಿ ಶುರುವಾಯಿತು. ಮೊದಲ ಗುತ್ತಿಗೆ 2022ರಲ್ಲಿ ರದ್ದಾಯಿತು. ಹೊಸಬರು ಬಂದದ್ದು 2023ರಲ್ಲಿ. ಕೋರಮಂಗಲದವರು ಅಷ್ಟು ದಿನ ಬರೀ ಕಂಬ ನೋಡಿಕೊಂಡು ಓಡಾಡಿದರು. ಗುತ್ತಿಗೆ ರದ್ದು ಮಾಡೋದು ಒಂದು ಪತ್ರದ ಕೆಲಸ ಅಂತ ಅನಿಸಬಹುದು. ಆದರೆ ಆಗಿರುವ ಕೆಲಸ ಅಳೆಯಬೇಕು, ಅದು ಗಟ್ಟಿ ಇದೆಯಾ ಅಂತ ಪರೀಕ್ಷೆ ಆಗಬೇಕು, ಉಳಿದದ್ದಕ್ಕೆ ಹೊಸ ಅಂದಾಜು, ಹೊಸ ಟೆಂಡರ್. ಬೇರೆಯವರು ಕಟ್ಟಿದ್ದಕ್ಕೆ ತಾವು ಗ್ಯಾರಂಟಿ ಕೊಡೋಕೆ ಹೊಸಬರು ಸುಲಭಕ್ಕೆ ಒಪ್ಪಲ್ಲ. ಒಪ್ಪಿದರೆ ಅದಕ್ಕೂ ರೇಟು ಇರುತ್ತದೆ.

ಹಾಗಾಗಿ ಯಾವ ವಿಧಾನ ಆರಿಸಿದರೂ, ಬಿಟ್ಟು ಹೋದರೆ ಏನು ಅನ್ನೋದು ಕರಾರಿನಲ್ಲಿ ಇರಬೇಕು. ಸರ್ಕಾರಿ ಕೆಲಸದಲ್ಲಿ ಇದಕ್ಕೆ ಬ್ಯಾಂಕ್ ಗ್ಯಾರಂಟಿ ತೆಗೆದುಕೊಳ್ಳುತ್ತಾರೆ, ಪ್ರತಿ ಬಿಲ್ಲಿನಲ್ಲಿ ಒಂದಿಷ್ಟು ಹಿಡಿದಿಡುತ್ತಾರೆ, ಮುಗಿದ ಮೇಲೂ ದೋಷ ಸರಿಪಡಿಸುವ ಅವಧಿ ಇರುತ್ತದೆ. ಅಪಾರ್ಟ್‌ಮೆಂಟ್ ಸಂಘಗಳೂ ಇದನ್ನೇ ಸಣ್ಣದಾಗಿ ಮಾಡಬಹುದು. ಅಡ್ವಾನ್ಸ್ ಕಡಿಮೆ ಕೊಟ್ಟು, ಕೆಲಸದ ಹಂತಕ್ಕೆ ತಕ್ಕಂತೆ ಕಂತು, ಕೊನೆಯ ಕಂತು ಒಂದು ಮಳೆಗಾಲ ಕಳೆದ ಮೇಲೆ. ಬ್ಯಾಂಕ್ ಗ್ಯಾರಂಟಿ ತೆಗೆದುಕೊಂಡಿದ್ದರೆ ಅದು ಯಾವ ತಾರೀಖಿಗೆ ಮುಗಿಯುತ್ತದೆ ಅಂತ ಮಿನಿಟ್ಸ್ ಪುಸ್ತಕದಲ್ಲಿ ಬರೆದಿಡಿ. ಕಮಿಟಿ ಬದಲಾಗಿ, ತಾರೀಖು ಯಾರಿಗೂ ನೆನಪಿಲ್ಲದೆ ಹೋದರೆ ಆ ಕಾಗದಕ್ಕೆ ಬೆಲೆ ಇರೋದಿಲ್ಲ.